ಠೇವಣಿ ಕಳೆದುಕೊಂಡವರ ಲೆಕ್ಕ ಫಾರಂ 20ರಲ್ಲಿದೆ

ಮಾನ್ಯ ಸಂಪಾದಕರೇ,

ಪ್ರತಿ ಚುನಾವಣೆಯ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: ಉಳಿದ ಅಭ್ಯರ್ಥಿಗಳೆಲ್ಲ ಠೇವಣಿ ಕಳೆದುಕೊಂಡಿದ್ದಾರೆ. ಸಣ್ಣ ಪಕ್ಷವೊಂದರ ಬಾವುಟ ಹಿಡಿದು ಅಥವಾ ಪಕ್ಷೇತರರಾಗಿ ಚುನಾವಣೆಯಿಂದ ಚುನಾವಣೆಗೆ ನಿಲ್ಲುತ್ತಲೇ ಬಂದವರ ಇಡೀ ರಾಜಕೀಯ ಬದುಕು ಆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅವರು ಯಾವ ಊರಿನಲ್ಲಿ ಎಷ್ಟು ಮತ ಪಡೆದರು, ಯಾವ ಬೇಡಿಕೆ ಇಟ್ಟು ನಿಂತರು, ಹಿಂದಿನ ಸಲಕ್ಕಿಂತ ಏರಿದರೋ ಇಳಿದರೋ ಎಂಬುದನ್ನು ಓದುಗರಿಗೆ ಯಾರೂ ಹೇಳುವುದಿಲ್ಲ. ಇಂಥವರನ್ನು ಠೇವಣಿಯಿಂದ ಅಳೆಯುವುದನ್ನು ಬಿಟ್ಟು ಫಾರಂ 20 ಎಂಬ ಮತಗಟ್ಟೆವಾರು ಫಲಿತಾಂಶದ ಲೆಕ್ಕದಿಂದ ಅಳೆಯಬೇಕು ಎಂಬುದು ನಮ್ಮ ಮನವಿ. ಕೊಡಗಿನಲ್ಲಿ ಅಂಥ ಅಭ್ಯರ್ಥಿಗಳ ನಾಮಪತ್ರ, ಖರ್ಚಿನ ಪುಸ್ತಕ, ಬೂತ್ ಏಜೆಂಟರ ಕೆಲಸ ನೋಡಿಕೊಳ್ಳುವ ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕೆಲಸ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳದೆ ಈ ಮನವಿಗೆ ಅರ್ಥ ಬರುವುದಿಲ್ಲ, ಹಾಗಾಗಿ ಪತ್ರ ಸ್ವಲ್ಪ ಉದ್ದವಾಗಿದೆ.

ಮೊದಲು ಠೇವಣಿಯ ವಿಚಾರ. ವಿಧಾನಸಭೆಗೆ ನಿಲ್ಲುವವರು 10,000 ರೂಪಾಯಿ, ಲೋಕಸಭೆಗೆ ನಿಲ್ಲುವವರು 25,000 ರೂಪಾಯಿ ಕಟ್ಟಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರ ಅರ್ಧ. ಸೋತವರಿಗೆ ಆ ಹಣ ವಾಪಸ್ ಬರಬೇಕಾದರೆ ಸಿಂಧುವಾದ ಒಟ್ಟು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಬಂದಿರಬೇಕು. ಸರಿಯಾಗಿ ಆರನೇ ಒಂದು ಭಾಗ ಬಂದರೂ ಹಣ ಹೋಯಿತು. ನೋಟಾಕ್ಕೆ ಬಿದ್ದ ಮತ ಈ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ವಿಧಾನಸಭಾ ಕ್ಷೇತ್ರದಲ್ಲಿ 1,60,000 ಸಿಂಧು ಮತ ಚಲಾವಣೆಯಾಯಿತು ಎಂದಿಟ್ಟುಕೊಂಡರೆ ಠೇವಣಿ ಉಳಿಯಲು 26,667 ಮತ ಬೇಕು. ಎರಡು ದೊಡ್ಡ ಪಕ್ಷಗಳು ಸೇರಿ ಶೇ 90ಕ್ಕಿಂತ ಹೆಚ್ಚು ಮತ ಹಂಚಿಕೊಳ್ಳುವ ಕ್ಷೇತ್ರದಲ್ಲಿ ಮೂರನೆಯವರಿಗೆ ಆ ಸಂಖ್ಯೆ ಗಣಿತದ ಪ್ರಕಾರವೇ ಸಿಗುವುದಿಲ್ಲ. ಐದು ಸಾವಿರ ಮತ ಪಡೆದವರಿಗೂ ಐವತ್ತು ಮತ ಪಡೆದವರಿಗೂ ‘ಠೇವಣಿ ನಷ್ಟ’ ಎಂಬ ಒಂದೇ ಹಣೆಪಟ್ಟಿ ಬೀಳುತ್ತದೆ. ಅಳತೆಗೋಲು ಎಂದರೆ ವ್ಯತ್ಯಾಸ ತೋರಿಸಬೇಕು, ಇದು ತೋರಿಸುವುದಿಲ್ಲ.

ಈ ಮೊತ್ತ ಹಿಂದೆ ಇಷ್ಟಿರಲಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಲೋಕಸಭೆಗೆ 500, ವಿಧಾನಸಭೆಗೆ 250 ರೂಪಾಯಿ ಎಂದಿತ್ತು. ನಲವತ್ತೈದು ವರ್ಷ ಅದೇ ಮುಂದುವರಿಯಿತು. 1996ರಲ್ಲಿ ತಮಿಳುನಾಡಿನ ಮೊಡಕ್ಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ ಕಣದಲ್ಲಿದ್ದರು. ರೈತರ ಬೇಡಿಕೆಗೆ ಸರ್ಕಾರ ಕಿವಿಗೊಡಲಿಲ್ಲ ಎಂದು ಪ್ರತಿಭಟಿಸಿ ನಿಂತವರೇ ಅವರಲ್ಲಿ ಹೆಚ್ಚು. ಮತಪತ್ರವನ್ನು ಪುಸ್ತಕದ ಹಾಗೆ ಹೊಲಿಯಬೇಕಾಯಿತು. ಅದೇ ವರ್ಷ ನಲ್ಗೊಂಡ ಲೋಕಸಭಾ ಕ್ಷೇತ್ರದಲ್ಲಿ ಫ್ಲೋರೈಡ್ ನೀರಿನ ಸಮಸ್ಯೆಯನ್ನು ದೇಶದ ಕಣ್ಣಿಗೆ ಬೀಳಿಸಲು 480 ಮಂದಿ ಅಭ್ಯರ್ಥಿಗಳಾದರು. ನಮ್ಮ ಬೆಳಗಾವಿಯಲ್ಲಿ ಗಡಿ ವಿವಾದದ ಹಿನ್ನೆಲೆಯಲ್ಲಿ 456 ಮಂದಿ ನಿಂತರು. ಅದಾದ ಮೇಲೆ ಕಾಯ್ದೆಗೆ ತಿದ್ದುಪಡಿ ಬಂದು ಠೇವಣಿ 10,000 ಮತ್ತು 5,000ಕ್ಕೆ ಏರಿತು, ಮಾನ್ಯತೆ ಇಲ್ಲದ ಪಕ್ಷದವರಿಗೂ ಪಕ್ಷೇತರರಿಗೂ ನಾಮಪತ್ರಕ್ಕೆ ಸಹಿ ಹಾಕುವ ಹತ್ತು ಸೂಚಕರು ಕಡ್ಡಾಯವಾದರು, ಪ್ರಚಾರದ ಕನಿಷ್ಠ ಅವಧಿ ಇಪ್ಪತ್ತು ದಿನದಿಂದ ಹದಿನಾಲ್ಕಕ್ಕೆ ಇಳಿಯಿತು. ಈಗಿನ ಮೊತ್ತ 2010ರಿಂದ ಜಾರಿಯಲ್ಲಿದೆ. ಉಮೇದುವಾರಿಕೆಯನ್ನೇ ಅಹವಾಲಿನ ಅರ್ಜಿಯಾಗಿ ಬಳಸಿದವರಿಂದ ಹುಟ್ಟಿದ ನಿಯಮಗಳಿವು. ಅವುಗಳ ಭಾರ ಬಿದ್ದಿರುವುದು ಮಾತ್ರ ವರ್ಷಗಟ್ಟಲೆ ಒಂದೇ ಬೇಡಿಕೆ ಹಿಡಿದು ಒಬ್ಬಂಟಿಯಾಗಿ ನಿಲ್ಲುವ ಕಾರ್ಯಕರ್ತರ ಮೇಲೆ.

ಮತ್ತೆ ಮತ್ತೆ ನಿಲ್ಲುವವರೆಲ್ಲ ಒಂದೇ ಬಗೆಯವರಲ್ಲ. ‘ಧರ್ತಿ ಪಕಡ್’ ಎಂದೇ ಹೆಸರಾದ ಕಾಕಾ ಜೋಗಿಂದರ್ ಸಿಂಗ್ ಮುನ್ನೂರಕ್ಕೂ ಹೆಚ್ಚು ಚುನಾವಣೆಗಳಿಗೆ ನಿಂತವರು. 1992ರ ರಾಷ್ಟ್ರಪತಿ ಚುನಾವಣೆಯಲ್ಲೂ ಅಭ್ಯರ್ಥಿಯಾಗಿದ್ದರು. ಮೆಟ್ಟೂರಿನ ಟೈರ್ ರಿಪೇರಿ ಅಂಗಡಿಯ ಪದ್ಮರಾಜನ್ 1988ರಿಂದ ನಿಲ್ಲುತ್ತಲೇ ಇದ್ದಾರೆ, 2011ರಲ್ಲಿ ಮೆಟ್ಟೂರು ವಿಧಾನಸಭಾ ಕ್ಷೇತ್ರದಲ್ಲಿ ಅವರಿಗೆ 6,273 ಮತ ಬಂದಿತ್ತು. ಕರ್ನಾಟಕದಲ್ಲಿ ‘ಹೊಟ್ಟೆ ಪಕ್ಷ’ದ ರಂಗಸ್ವಾಮಿ 86 ಚುನಾವಣೆಗಳ ದಾಖಲೆಯಿಂದ ನೆನಪಿನಲ್ಲಿದ್ದಾರೆ. ಸಾಮಾನ್ಯನೂ ಕಣಕ್ಕಿಳಿಯಬಹುದು ಎಂದು ತೋರಿಸಿಕೊಟ್ಟ ಇಂಥವರ ಬಗ್ಗೆ ನಮಗೆ ಗೌರವವಿದೆ. ಆದರೆ ಒಂದೇ ಕ್ಷೇತ್ರದಲ್ಲಿ ಒಂದೇ ಬೇಡಿಕೆಯ ಮೇಲೆ ನಿಲ್ಲುವ ಸಣ್ಣ ಪಕ್ಷದ ಕಾರ್ಯಕರ್ತರ ದಾರಿ ಬೇರೆ. ಆ ದಾರಿಯಲ್ಲಿ ಗೆದ್ದವರೂ ಇದ್ದಾರೆ. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ ಗೆದ್ದರು, ಆಮೇಲೆ ಸೋತರು, 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ ಮತ್ತೆ ಗೆದ್ದರು. ಚಾಮರಾಜನಗರದಲ್ಲಿ ವಾಟಾಳ್ ನಾಗರಾಜ್ ತಮ್ಮದೇ ಸಣ್ಣ ಪಕ್ಷದ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ವಿಧಾನಸಭೆಗೆ ಬಂದರು. ಇನ್ನೊಂದು ಬಗೆಯವರೂ ಇದ್ದಾರೆ, ಅವರನ್ನು ಈ ಸಾಲಿಗೆ ಸೇರಿಸಬಾರದು. ದೊಡ್ಡ ಪಕ್ಷದ ಅಭ್ಯರ್ಥಿಯ ಹೆಸರನ್ನೇ ಹೊತ್ತವರನ್ನು ಹುಡುಕಿ ತಂದು ನಿಲ್ಲಿಸುವುದು, ಹೆಚ್ಚುವರಿ ವಾಹನ ಮತ್ತು ಏಜೆಂಟರ ಪಾಸ್ ಸಿಗಲಿ ಎಂದು ಪಕ್ಷೇತರರನ್ನು ಇಳಿಸುವುದು ಎಲ್ಲ ಕಡೆ ಇರುವ ಪಿಡುಗು. ಇಂಥ ಡಮ್ಮಿಗಳನ್ನು ಗುರುತಿಸುವುದು ಕಷ್ಟವಲ್ಲ. ಅವರ ಏಜೆಂಟರಾಗಿ ಕೂತವರು ನಿನ್ನೆ ಯಾರ ಜತೆ ಇದ್ದರು, ಅವರ ಖರ್ಚಿನ ಪುಸ್ತಕದಲ್ಲಿ ಕರಪತ್ರದ ಒಂದು ಬಿಲ್ಲಾದರೂ ಇದೆಯೇ ಎಂದು ನೋಡಿದರೆ ಸಾಕು.

ಇನ್ನು ನಾಮಪತ್ರಕ್ಕೆ ಬರೋಣ. ಸಣ್ಣ ಅಭ್ಯರ್ಥಿಯ ಬಹುಪಾಲು ತೊಡಕು ಇಲ್ಲಿಯೇ. ವಿಧಾನಸಭೆಗೆ ಫಾರಂ 2ಬಿ, ಲೋಕಸಭೆಗೆ 2ಎ, ಜತೆಗೆ ಆಸ್ತಿ, ಪ್ರಕರಣಗಳ ವಿವರ ಕೊಡುವ ಫಾರಂ 26ರ ಪ್ರಮಾಣಪತ್ರ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು ಮಂದಿ ಬೇಕು, ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಕೊಡಗಿನಲ್ಲಿ ಎಡವುವುದು ಇದೇ ಜಾಗದಲ್ಲಿ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಜಿಲ್ಲೆಯಲ್ಲಿ ಇದ್ದ ಮೂರು ಕ್ಷೇತ್ರ ಎರಡಾಯಿತು, ತಾಲ್ಲೂಕಿನ ಗಡಿಯೂ ಕ್ಷೇತ್ರದ ಗಡಿಯೂ ಒಂದಾಗಿ ಉಳಿಯಲಿಲ್ಲ. ಭಾಗಮಂಡಲದವರು ಮಡಿಕೇರಿ ತಾಲ್ಲೂಕಿನವರು, ಮತ ಹಾಕುವುದು ವಿರಾಜಪೇಟೆ ಕ್ಷೇತ್ರಕ್ಕೆ. ಕಾವೇರಿ ಸೇತುವೆಯ ಒಂದು ಬದಿಯ ಸಿದ್ದಾಪುರ ವಿರಾಜಪೇಟೆ ಕ್ಷೇತ್ರ, ಇನ್ನೊಂದು ಬದಿಯ ನೆಲ್ಲಿಹುದಿಕೇರಿ ಮಡಿಕೇರಿ ಕ್ಷೇತ್ರ. ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರು ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗಿರುತ್ತಾರೆ, ಹೆಸರು ಹಳೆಯ ಮತಗಟ್ಟೆಯಲ್ಲೇ ಉಳಿದಿರುತ್ತದೆ. ಬಾಯಿಮಾತು ನಂಬಿ ಸಹಿ ಹಾಕಿಸಿಕೊಂಡರೆ ಪರಿಶೀಲನೆಯ ದಿನ ಒಬ್ಬ ಸೂಚಕನ ಹೆಸರು ಆ ಕ್ಷೇತ್ರದ ಪಟ್ಟಿಯಲ್ಲಿ ಇಲ್ಲದೆ ಇಡೀ ನಾಮಪತ್ರ ಬಿದ್ದುಹೋಗುತ್ತದೆ.

ಆದ್ದರಿಂದ ಮೊದಲ ಕೆಲಸ ಇತ್ತೀಚಿನ ಮತದಾರರ ಪಟ್ಟಿ ತೆಗೆದು ಪ್ರತಿ ಸೂಚಕನ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಕಣ್ಣಾರೆ ನೋಡಿ ಬರೆದುಕೊಳ್ಳುವುದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಈ ಪಟ್ಟಿಯ ಪ್ರತಿ ಉಚಿತ, ಇವರು ಹಣ ಕೊಟ್ಟು ಪಡೆಯಬೇಕು. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರಗಳ ತನಕ ಸಲ್ಲಿಸಬಹುದು, ನಾಲ್ಕಕ್ಕೂ ಒಂದೇ ಠೇವಣಿ ಸಾಕು. ಹಾಗಾಗಿ ಬೇರೆ ಬೇರೆ ಹತ್ತು ಹತ್ತು ಸೂಚಕರ ಎರಡು ಪ್ರತಿಯನ್ನಾದರೂ ಹಾಕುವುದು ಕ್ಷೇಮ, ಒಂದು ಬಿದ್ದರೆ ಇನ್ನೊಂದು ನಿಲ್ಲುತ್ತದೆ. ಹೆಬ್ಬೆಟ್ಟು ಒತ್ತುವ ಸೂಚಕರಿದ್ದರೆ ಅವರನ್ನು ಚುನಾವಣಾಧಿಕಾರಿ ಅಥವಾ ಅಧಿಕಾರ ಪಡೆದ ಅಧಿಕಾರಿಯ ಮುಂದೆಯೇ ಒತ್ತಿಸಬೇಕು, ಮನೆಯಲ್ಲಿ ಒತ್ತಿಸಿ ತಂದರೆ ಆಗದು. ಹಾಡಿಗಳ (ಆದಿವಾಸಿಗಳ ವಸತಿಗಳ) ಯರವ, ಜೇನುಕುರುಬ ಹಿರಿಯರನ್ನು ಸೂಚಕರನ್ನಾಗಿ ಮಾಡಿಕೊಳ್ಳುವವರು ಇದನ್ನು ಮರೆಯಬಾರದು. ಅಂದಿನ ಕೂಲಿ ಕಳೆದುಕೊಂಡು ಅವರು ವಿರಾಜಪೇಟೆಗೆ ಬರಬೇಕಾಗುತ್ತದೆ, ಬಂದು ಹೋಗುವ ವಾಹನದ ವೆಚ್ಚವೂ ಲೆಕ್ಕಕ್ಕೆ ಬರುತ್ತದೆ.

ಫಾರಂ 26ರಲ್ಲಿ ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ. ಆಸ್ತಿ ಇಲ್ಲದಿದ್ದರೆ ‘ಇಲ್ಲ’, ಸಂಬಂಧಪಡದಿದ್ದರೆ ‘ಅನ್ವಯಿಸುವುದಿಲ್ಲ’ ಎಂದು ಬರೆಯಲೇಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಖಾಲಿ ಜಾಗ ತುಂಬಿ ಎಂದು ಚುನಾವಣಾಧಿಕಾರಿ ನೋಟಿಸ್ ಕೊಡುತ್ತಾರೆ, ಆಮೇಲೂ ತುಂಬದಿದ್ದರೆ ತಿರಸ್ಕಾರವೇ. ಹೋರಾಟಗಾರರ ಮೇಲೆ ಸಾಮಾನ್ಯವಾಗಿ ರಸ್ತೆ ತಡೆ, ನಿಷೇಧಾಜ್ಞೆ ಉಲ್ಲಂಘನೆಯ ಹಳೆಯ ಪ್ರಕರಣಗಳಿರುತ್ತವೆ. ಅವು ಬಾಕಿ ಇದ್ದರೆ ಮುಚ್ಚಿಡದೆ ಬರೆಯಬೇಕು, ಜತೆಗೆ ಪತ್ರಿಕೆಯಲ್ಲೂ ಟಿ.ವಿ.ಯಲ್ಲೂ ಮೂರು ಸಲ ಪ್ರಕಟಣೆ ಕೊಡಬೇಕು. ಕರಪತ್ರಕ್ಕೆ ಇಟ್ಟ ಹಣ ಆ ಪ್ರಕಟಣೆಗೇ ಮುಗಿಯುವುದುಂಟು. ಠೇವಣಿಯನ್ನು ನಗದಾಗಿ ಅಥವಾ ಖಜಾನೆ ಚಲನ್ ಮೂಲಕ ಕಟ್ಟಬೇಕು, ಚೆಕ್ ನಡೆಯುವುದಿಲ್ಲ. ರಿಯಾಯಿತಿ ಬೇಕಾದವರು ಜಾತಿ ಪ್ರಮಾಣಪತ್ರ ಇಟ್ಟಿರಬೇಕು. ಸಲ್ಲಿಕೆಯ ಸಮಯ ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ನಾಮಪತ್ರವನ್ನು ಅಭ್ಯರ್ಥಿಯೇ ಕೊಡಬೇಕೆಂದಿಲ್ಲ, ಸೂಚಕನೂ ಕೊಡಬಹುದು, ಅಂಚೆಯಲ್ಲಿ ಕಳಿಸುವಂತಿಲ್ಲ. ಸಲ್ಲಿಸಿದ ಮೇಲೆ ಪ್ರಮಾಣವಚನ ತೆಗೆದುಕೊಳ್ಳುವುದನ್ನು ಕೆಲವರು ಮರೆತು ಹೊರಟುಬಿಡುತ್ತಾರೆ. ಪರಿಶೀಲನೆಯ ದಿನ ತೆಗೆದುಕೊಂಡರೆ ಆಗದು, ಅದರ ಹಿಂದಿನ ದಿನದೊಳಗೆ ಮುಗಿದಿರಬೇಕು. ಕೊನೆಯ ದಿನ ಸಲ್ಲಿಸುವವರಿಗೆ ಅಂದೇ ಕೊನೆ.

ಪರಿಶೀಲನೆಯಿಂದ ವಾಪಸಾತಿಯ ಕೊನೆಯ ದಿನದವರೆಗಿನ ಅವಧಿ ಇವರ ರಾಜಕೀಯ ಬದುಕಿನ ನಿಜವಾದ ಪರೀಕ್ಷೆ. ನಾಲ್ಕು ಸಾವಿರ ಮತ ತೆಗೆಯಬಹುದಾದವರ ಮನೆಗೆ ದೊಡ್ಡವರ ಕಡೆಯವರು ಬರುವುದು ಆಗಲೇ. ನಾಮಪತ್ರ ಹಿಂಪಡೆಯುವ ಫಾರಂ 5ಕ್ಕೆ ಸಹಿ ಹಾಕಿದರೆ ಠೇವಣಿ ವಾಪಸ್ ಬರುತ್ತದೆ, ಮರ್ಯಾದೆಯೂ ಉಳಿಯುತ್ತದೆ ಎಂಬ ಮಾತು ಬರುತ್ತದೆ. ಸಹಿ ಹಾಕದೆ ನಿಂತವರ ಹೆಸರು ಕಣದಲ್ಲಿ ಉಳಿದವರ ಅಂತಿಮ ಪಟ್ಟಿಯಾದ ಫಾರಂ 7ಎಯಲ್ಲಿ ಉಳಿಯುತ್ತದೆ. ಒಬ್ಬ ಕಾರ್ಯಕರ್ತ ಎಷ್ಟು ಸಲ ಸೋತ ಎಂದು ಎಣಿಸುವವರು, ಎಷ್ಟು ಸಲ ಹಿಂದೆ ಸರಿಯಲಿಲ್ಲ ಎಂಬುದನ್ನೂ ಎಣಿಸಬೇಕು.

ಚಿಹ್ನೆ ಸಿಗುವುದು ವಾಪಸಾತಿ ಮುಗಿದ ಮೇಲೆ. ಪಕ್ಷೇತರರು ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಟ್ಟಿರುತ್ತಾರೆ. ಇಬ್ಬರು ಪಕ್ಷೇತರರು ಒಂದನ್ನೇ ಕೇಳಿದರೆ ಚೀಟಿ ಎತ್ತುತ್ತಾರೆ. ಕೇಳಿದವರಲ್ಲಿ ಒಬ್ಬರು ಮಾತ್ರ ನೋಂದಾಯಿತ (ನೋಂದಣಿ ಇದ್ದೂ ಮಾನ್ಯತೆ ಸಿಗದ) ಪಕ್ಷದವರಾಗಿದ್ದರೆ ಅದು ಅವರಿಗೆ ಹೋಗುತ್ತದೆ. ಹೀಗಾಗಿ ಕಳೆದ ಸಲ ಜನರಿಗೆ ಪರಿಚಯಿಸಿದ ಚಿಹ್ನೆ ಈ ಸಲ ಬೇರೆಯವರ ಪಾಲಾಗಬಹುದು. ಐದು ವರ್ಷ ಕಾದು ಮತ್ತೆ ನಿಂತವರು ಮೊದಲಿನಿಂದ ಶುರು ಮಾಡುತ್ತಾರೆ. ಚಿಹ್ನೆಯ ಬೆಲೆ ಏನೆಂದು ಕೊಡಗಿಗೆ ಹೊಸದಾಗಿ ಹೇಳಬೇಕಿಲ್ಲ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಮೈಸೂರಿನೊಂದಿಗೆ ವಿಲೀನ ಬೇಡವೆಂದು ಪಂದ್ಯಂಡ ಬೆಳ್ಯಪ್ಪನವರ ನೇತೃತ್ವದಲ್ಲಿ ನಿಂತವರು ಅಧಿಕೃತವಾಗಿ ಪಕ್ಷೇತರರೇ. ಜನ ಅವರನ್ನು ‘ತಕ್ಕಡಿ ಪಕ್ಷ’ ಎಂದು ಕರೆದರು. 24 ಸ್ಥಾನಗಳಲ್ಲಿ 9 ಗೆದ್ದರು, 15 ಗೆದ್ದ ಕಾಂಗ್ರೆಸ್ಸಿನ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ವಿಲೀನವೂ ಆಯಿತು. ಸರ್ಕಾರ ರಚಿಸದ ಆ ಗುಂಪಿನ ಹೆಸರು ಇಂದಿಗೂ ಉಳಿದಿದೆ. ಈಗ ನೋಂದಾಯಿತ ಸಣ್ಣ ಪಕ್ಷವೊಂದು ಎಲ್ಲ ಕಡೆ ಒಂದೇ ಚಿಹ್ನೆ ಪಡೆಯಬೇಕಾದರೆ ಚುನಾವಣಾ ಆಯೋಗಕ್ಕೆ ಮೊದಲೇ ಅರ್ಜಿ ಹಾಕಿ ವಿಧಾನಸಭೆಯ ಶೇ 5ರಷ್ಟು ಕ್ಷೇತ್ರಗಳಲ್ಲಾದರೂ ಅಭ್ಯರ್ಥಿಗಳನ್ನು ನಿಲ್ಲಿಸಬೇಕು. 224 ಕ್ಷೇತ್ರಗಳ ರಾಜ್ಯದಲ್ಲಿ ಅದು ಹನ್ನೊಂದು ಹನ್ನೆರಡು ಕಡೆಯ ಮಾತು. ಎರಡೇ ಕ್ಷೇತ್ರಗಳ ಜಿಲ್ಲೆಯ ಬೇಡಿಕೆಗಾಗಿ ಹುಟ್ಟಿದ ಪಕ್ಷಕ್ಕೆ ಈ ಬಾಗಿಲು ತೆರೆಯುವುದೇ ಇಲ್ಲ.

ಮತಯಂತ್ರದಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷಗಳು, ನಂತರ ನೋಂದಾಯಿತ ಪಕ್ಷಗಳು, ಕೊನೆಗೆ ಪಕ್ಷೇತರರು, ಪ್ರತಿ ಗುಂಪಿನೊಳಗೆ ಅಕ್ಷರಾನುಕ್ರಮ. ಒಂದು ಯಂತ್ರದಲ್ಲಿ ನೋಟಾ ಸೇರಿ 16 ಗುಂಡಿ. ಹದಿನೈದಕ್ಕಿಂತ ಹೆಚ್ಚು ಅಭ್ಯರ್ಥಿಗಳಾದರೆ ಎರಡನೇ ಯಂತ್ರ ಬರುತ್ತದೆ, ಪಕ್ಷೇತರರಲ್ಲಿ ಕೊನೆಯವರು ಅದಕ್ಕೆ ಹೋಗುತ್ತಾರೆ. 2015ರಿಂದ ಅಭ್ಯರ್ಥಿಯ ಭಾವಚಿತ್ರ ಇರುವುದರಿಂದ ಒಂದೇ ಹೆಸರಿನವರ ಗೊಂದಲ ಸ್ವಲ್ಪ ಕಡಿಮೆಯಾಗಿದೆ. ಸಣ್ಣ ಅಭ್ಯರ್ಥಿ ಕರಪತ್ರದಲ್ಲಿ ‘ಕ್ರಮ ಸಂಖ್ಯೆ ಇಷ್ಟು, ಎರಡನೇ ಯಂತ್ರ’ ಎಂದು ದೊಡ್ಡದಾಗಿ ಹಾಕುವುದು ಚಿಹ್ನೆಯಷ್ಟೇ ಮುಖ್ಯ.

2023ರ ವಿಧಾನಸಭಾ ಚುನಾವಣೆಯ ದಿನಾಂಕಗಳನ್ನೇ ನೋಡಿ. ಅಧಿಸೂಚನೆ ಏಪ್ರಿಲ್ 13, ನಾಮಪತ್ರಕ್ಕೆ ಕೊನೆ 20, ಪರಿಶೀಲನೆ 21, ವಾಪಸಾತಿ 24, ಮತದಾನ ಮೇ 10. ಮತದಾನ ಮುಗಿಯುವ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಿಸಬೇಕು. ಚಿಹ್ನೆ ಕೈಗೆ ಬಂದ ಸಂಜೆಯಿಂದ ಲೆಕ್ಕ ಹಾಕಿದರೆ ಉಳಿಯುವುದು ಸುಮಾರು ಎರಡು ವಾರ. ಅಷ್ಟರೊಳಗೆ ಕರಪತ್ರ ಅಚ್ಚಾಗಬೇಕು, ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರಲ್ಲಿರಲೇಬೇಕು. ಕುಟ್ಟದಿಂದ ಕರಿಕೆಯವರೆಗೆ, ಬಿರುನಾಣಿಯಿಂದ ಚೆರಂಬಾಣೆಯವರೆಗೆ ಹರಡಿದ ಕ್ಷೇತ್ರವನ್ನು ಬಾಡಿಗೆಯ ಒಂದೇ ಜೀಪಿನಲ್ಲಿ ಮುಗಿಸಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆ ಬಂದರೆ ವಿದ್ಯುತ್ತೂ ಫೋನಿನ ಸಿಗ್ನಲ್ಲೂ ಇರುವುದಿಲ್ಲ. ಮನೆ ಮನೆ ಸುತ್ತುವುದು ಆಗದ ಮಾತು. ಅನುಭವಸ್ಥರು ಸಂತೆ ಹಿಡಿಯುತ್ತಾರೆ: ಸೋಮವಾರಪೇಟೆಯಲ್ಲಿ ಸೋಮವಾರ, ಕುಶಾಲನಗರದಲ್ಲಿ ಮಂಗಳವಾರ, ವಿರಾಜಪೇಟೆಯಲ್ಲಿ ಬುಧವಾರ, ಮಡಿಕೇರಿಯಲ್ಲಿ ಶುಕ್ರವಾರ, ಶನಿವಾರಸಂತೆಯಲ್ಲಿ ಶನಿವಾರ, ಗೋಣಿಕೊಪ್ಪದಲ್ಲಿ ಭಾನುವಾರ. ವಾರದ ಕೂಲಿ ಪಡೆದ ತೋಟದ ಕಾರ್ಮಿಕರು ಸಾಮಾನಿಗೆ ಬರುವುದೇ ಅಲ್ಲಿಗೆ. ಲೈನ್ ಮನೆಗಳು ಖಾಸಗಿ ತೋಟದೊಳಗೆ ಇರುವುದರಿಂದ ಗೇಟು ದಾಟಲು ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ದೊಡ್ಡ ಪಕ್ಷದವರಿಗೆ ಅದು ಒಂದು ಫೋನ್ ಕರೆಯಲ್ಲಿ ಸಿಗುತ್ತದೆ. ಆಕಾಶವಾಣಿ, ದೂರದರ್ಶನದಲ್ಲಿ ಉಚಿತ ಸಮಯ ಇರುವುದು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ಹೀಗಿರುವಾಗ ಸ್ಥಳೀಯ ಪತ್ರಿಕೆಯೊಂದು ಕೊಡುವ ಮೂರು ಸಾಲು ಎಷ್ಟು ದೊಡ್ಡದು ಎಂಬುದನ್ನು ದಯವಿಟ್ಟು ಯೋಚಿಸಿ.

ಖರ್ಚಿನ ಪುಸ್ತಕದ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಅನೇಕರ ರಾಜಕೀಯ ಜೀವನ ಮತಗಟ್ಟೆಯಲ್ಲಿ ಮುಗಿಯದೆ ಈ ಪುಸ್ತಕದಲ್ಲಿ ಮುಗಿಯುತ್ತದೆ. ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಸಣ್ಣ ಅಭ್ಯರ್ಥಿಗೆ ಮಿತಿ ತೊಂದರೆಯಲ್ಲ, ದಾಖಲೆ ಇಡುವುದು ತೊಂದರೆ. ನಾಮಪತ್ರದ ಒಂದು ದಿನ ಮೊದಲಾದರೂ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಕೊಟ್ಟ ಪುಸ್ತಕದಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ಹಾಳೆ ನಗದಿಗೆ, ಹಳದಿ ಹಾಳೆ ಬ್ಯಾಂಕಿಗೆ. ಒಬ್ಬರಿಗೇ 10,000 ರೂಪಾಯಿಗಿಂತ ಹೆಚ್ಚು ಕೊಡುವುದಿದ್ದರೆ ನಗದಾಗಿ ಕೊಡುವಂತಿಲ್ಲ. ಪ್ರಚಾರದ ಅವಧಿಯಲ್ಲಿ ಮೂರು ಸಲ ತಪಾಸಣೆಗೆ ಹಾಜರುಪಡಿಸಬೇಕು. ಕುರ್ಚಿ, ಶಾಮಿಯಾನ, ಚಹಾ ಎಲ್ಲದಕ್ಕೂ ಜಿಲ್ಲೆಯಲ್ಲಿ ದರ ನಿಗದಿಯಾಗಿರುತ್ತದೆ. ಗೆಳೆಯ ಪುಕ್ಕಟೆ ಕೊಟ್ಟ ಜೀಪಿಗೂ ಆ ದರದಲ್ಲಿ ಮೌಲ್ಯ ಬರೆಯಬೇಕು. ಫಲಿತಾಂಶ ಬಂದ 30 ದಿನದೊಳಗೆ ಪೂರ್ಣ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. 2023ರ ಮೇ 13ರ ಫಲಿತಾಂಶಕ್ಕೆ ಜೂನ್ 12 ಕಡೆಯ ದಿನ. ಸೋತ ಮೇಲೆ ಯಾರೂ ಜತೆಗಿರುವುದಿಲ್ಲ, ಮುಂಗಾರು ಹಿಡಿದಿರುತ್ತದೆ, ತೋಟ ಗದ್ದೆಯ ಕೆಲಸ ಶುರುವಾಗಿರುತ್ತದೆ, ಬಿಲ್ಲುಗಳು ಬೇರೆ ಬೇರೆಯವರ ಕೈಯಲ್ಲಿರುತ್ತವೆ. ಖರ್ಚೇ ಮಾಡಿಲ್ಲ, ಲೆಕ್ಕ ಯಾಕೆ ಎಂದು ಸುಮ್ಮನಿದ್ದುಬಿಡುವವರು ಹೆಚ್ಚು. ಲೆಕ್ಕ ಕೊಡದಿದ್ದರೆ ಆಯೋಗ ನೋಟಿಸ್ ಕೊಟ್ಟು, ಸರಿಯಾದ ಕಾರಣವಿಲ್ಲದಿದ್ದರೆ ಮೂರು ವರ್ಷ ಅನರ್ಹಗೊಳಿಸುತ್ತದೆ. ಮೂರು ವರ್ಷವೆಂದರೆ ಮುಂದಿನ ಲೋಕಸಭಾ ಚುನಾವಣೆಯೋ ವಿಧಾನಸಭಾ ಚುನಾವಣೆಯೋ ಕೈತಪ್ಪಿದಂತೆಯೇ. ನಿಲ್ಲುವ ಯೋಚನೆಯಿರುವ ಯಾರಿಗಾದರೂ ನಮ್ಮ ಸಲಹೆ: ಭಾಷಣ ಮಾಡುವವರು ಸಿಗುತ್ತಾರೆ, ಮೊದಲು ಲೆಕ್ಕ ಬರೆಯುವ ಒಬ್ಬರನ್ನು ಹುಡುಕಿಕೊಳ್ಳಿ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಪ್ರತಿ ಮತಗಟ್ಟೆಯಲ್ಲಿ ಮತದಾನ ಮುಗಿದ ಮೇಲೆ ಒಟ್ಟು ಎಷ್ಟು ಮತ ಚಲಾವಣೆಯಾಯಿತು ಎಂಬ ಫಾರಂ 17ಸಿ ಪ್ರತಿಯನ್ನು ಹಾಜರಿರುವ ಏಜೆಂಟರಿಗೆ ಕೊಡುತ್ತಾರೆ. ಸಣ್ಣ ಪಕ್ಷಕ್ಕೆ ಎಲ್ಲ ಕಡೆ ಏಜೆಂಟರು ಸಿಗುವುದಿಲ್ಲ, ತಮ್ಮ ಕೆಲಸ ನಡೆದ ಊರುಗಳಿಗೆ ಫಾರಂ 10 ಬರೆದುಕೊಟ್ಟು ಕೂರಿಸುತ್ತಾರೆ. ಎಣಿಕೆಯ ನಂತರ ಫಾರಂ 20 ತಯಾರಾಗುತ್ತದೆ. ಅದರಲ್ಲಿ ಪ್ರತಿ ಸಾಲಿಗೆ ಒಂದು ಮತಗಟ್ಟೆ, ಪ್ರತಿ ಅಭ್ಯರ್ಥಿಗೆ ಒಂದು ಕಲಂ, ಆಮೇಲೆ ನೋಟಾ, ಕಡೆಯಲ್ಲಿ ಅಂಚೆ ಮತ. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಇದು ಎಲ್ಲರಿಗೂ ಸಿಗುತ್ತದೆ. ಮತಗಟ್ಟೆಯ ಸಂಖ್ಯೆ ಮಾತ್ರ ಇರುವುದರಿಂದ ಮತಗಟ್ಟೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಎರಡು ಚುನಾವಣೆಗಳನ್ನು ಹೋಲಿಸುವಾಗ ಮತಗಟ್ಟೆಗಳು ಒಡೆದು ಸಂಖ್ಯೆ ಬದಲಾಗಿರುತ್ತದೆ, ಸಂಖ್ಯೆಗೆ ಸಂಖ್ಯೆ ತಾಳೆ ಹಾಕದೆ ಶಾಲೆಯ ಹೆಸರು ನೋಡಿ ತಾಳೆ ಹಾಕಬೇಕು.

ಹಾಗೆ ಓದಿದಾಗ ಸಣ್ಣ ಅಭ್ಯರ್ಥಿಯ ಕಲಂ ಮಾತನಾಡುತ್ತದೆ. ಎಲ್ಲ ಮತಗಟ್ಟೆಗಳಲ್ಲೂ ಎರಡು ಮೂರರಂತೆ ಸಮನಾಗಿ ಹರಡಿದ ಮತ ಬಹುಮಟ್ಟಿಗೆ ಗುಂಡಿ ತಪ್ಪಿ ಒತ್ತಿದ್ದು ಅಥವಾ ಚಿಹ್ನೆಯ ಗೊಂದಲದ್ದು, ಅದಕ್ಕೆ ರಾಜಕೀಯ ಅರ್ಥ ಕಡಿಮೆ. ಉಳಿದ ಕಡೆ ಸೊನ್ನೆ ಇದ್ದು, ಒಂದು ಹಾಡಿ ಅಥವಾ ಕಾಲೊನಿಯ ಮತಗಟ್ಟೆಯಲ್ಲಿ ಅರವತ್ತು ಬಿದ್ದಿದ್ದರೆ ಅಲ್ಲಿ ಒಂದು ಕೆಲಸ ನಡೆದಿದೆ ಎಂದೇ ಅರ್ಥ. ಮುಂದಿನ ಸಲ ಅದೇ ಶಾಲೆಯಲ್ಲಿ ನೂರಾಗಿದ್ದರೆ, ಪಕ್ಕದ ಮತಗಟ್ಟೆಗೂ ಹಬ್ಬಿದ್ದರೆ ಅದು ಬೆಳೆಯುತ್ತಿರುವ ರಾಜಕಾರಣ. ಒಟ್ಟು ಮತ ಕಡಿಮೆಯಾಗಿಯೂ ಹೀಗಾಗಬಹುದು. ನೂರು ಮತದ ಆ ಊರಿಗೆ ದೊಡ್ಡ ಪಕ್ಷದವರು ಮುಂದಿನ ಚುನಾವಣೆಯಲ್ಲಿ ಮೊದಲೇ ಬರುತ್ತಾರೆ, ಅಲ್ಲಿಯ ನೀರು, ರಸ್ತೆ, ನಿವೇಶನದ ಬೇಡಿಕೆ ಅವರ ಭಾಷಣಕ್ಕೆ ಸೇರುತ್ತದೆ. ಗೆಲ್ಲದ ಅಭ್ಯರ್ಥಿಯೊಬ್ಬ ಮಾಡಬಹುದಾದ ಕೆಲಸ ಇದೇ, ಇದು ಸಣ್ಣದಲ್ಲ.

ಆ ಮತಗಳು ಎಲ್ಲಿಂದ ಬರುತ್ತವೆ ಎಂದರೆ ಚುನಾವಣೆ ಇಲ್ಲದ ವರ್ಷಗಳಿಂದ. ಅರಣ್ಯ ಹಕ್ಕು ಕಾಯ್ದೆಯಡಿ ಫಾರಂ ಎ ತುಂಬಿಸಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಜಿಲ್ಲಾ ಸಮಿತಿಗೆ ಅರ್ಜಿಯ ಹಿಂದೆ ಓಡಾಡುವವರು, ಕಾಡಾನೆ ತುಳಿದ ಗದ್ದೆಯ ಪರಿಹಾರಕ್ಕೆ ಫೋಟೊ ತೆಗೆಸಿ ಪಹಣಿ ಜೋಡಿಸಿ ಕೊಡುವವರು, ಹತ್ತು ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ 30 ದಿನ ಕಾದು ಮೇಲ್ಮನವಿ ಬರೆಯುವವರು ಸಾಮಾನ್ಯವಾಗಿ ಇವರೇ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ತೆರವಾದಾಗ ಲೈನ್ ಮನೆಯವರ ನಿವೇಶನದ ಪ್ರಶ್ನೆ ರಾಜ್ಯದ ಚರ್ಚೆಗೆ ಬಂತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದಾಗ ದಾಖಲೆಯಿಲ್ಲದ ಬಾಡಿಗೆದಾರರ, ಕಾರ್ಮಿಕರ ಪರಿಹಾರದ ಪ್ರಶ್ನೆ ಬಂತು. ಇಂಥ ಪ್ರಶ್ನೆಗಳನ್ನು ಹಿಡಿದು ಕೂರುವವರಿಗೆ ಮತದ ದಿನ ಜನ ಯಾಕೆ ಕೈಕೊಡುತ್ತಾರೆ ಎಂದು ಕೇಳುವವರಿದ್ದಾರೆ. ಸಹಾಯ ಪಡೆದವರ ಹೆಸರು ಆ ಕ್ಷೇತ್ರದ ಪಟ್ಟಿಯಲ್ಲೇ ಇರುವುದಿಲ್ಲ ಎಂಬುದು ಒಂದು ಕಾರಣ. ಹಕ್ಕುಪತ್ರಕ್ಕೆ ಸಹಿ ಬೀಳುವುದು ಸರ್ಕಾರದ ಕಡೆಯಿಂದ, ಆದ್ದರಿಂದ ಸರ್ಕಾರ ಮಾಡಬಲ್ಲವರಿಗೇ ಮತ ಎಂದು ಜನ ಲೆಕ್ಕ ಹಾಕುವುದು ಇನ್ನೊಂದು ಕಾರಣ. ಆ ಲೆಕ್ಕ ತಪ್ಪೆಂದು ನಾವು ಹೇಳುವುದಿಲ್ಲ. ಪಕ್ಷದ ಚಿಹ್ನೆಯೇ ಇಲ್ಲದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇದೇ ಕಾರ್ಯಕರ್ತರು ಗೆದ್ದು ಬರಲು ಅವಕಾಶ ಹೆಚ್ಚಿರುವುದೂ ಆ ಕಾರಣಕ್ಕೇ. ಅದರ ಮೇಲಿನ ಮೆಟ್ಟಿಲುಗಳಾದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ಸಣ್ಣ ಪಕ್ಷದವರಿಗೆ ಹತ್ತಿರದ ಮೆಟ್ಟಿಲನ್ನೇ ತೆಗೆದಂತಾಯಿತು.

ಲೋಕಸಭೆಯ ಮಾತು ಬೇರೆಯೇ. ಮೈಸೂರು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಎರಡು. ನಾಮಪತ್ರಕ್ಕೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕು. 14 ಲಕ್ಷ ಸಿಂಧು ಮತ ಬಿದ್ದರೆ ಠೇವಣಿಗೆ 2,33,334 ಮತ ಬೇಕಾಗುತ್ತದೆ. ಕೊಡಗಿನ ಬೇಡಿಕೆ ಹಿಡಿದು ಅಲ್ಲಿ ನಿಲ್ಲುವವರು ಠೇವಣಿ ಹೋಗುತ್ತದೆ ಎಂದು ಗೊತ್ತಿದ್ದೇ ನಿಲ್ಲುತ್ತಾರೆ. ಪಕ್ಷ ನೋಂದಾಯಿಸಿಕೊಂಡವರಿಗೆ ನಿಲ್ಲದೆ ಇರುವ ಆಯ್ಕೆಯೂ ಈಗ ಉಳಿದಿಲ್ಲ. 2019ರಿಂದ ಆರು ವರ್ಷ ಒಂದು ಚುನಾವಣೆಗೂ ಸ್ಪರ್ಧಿಸಲಿಲ್ಲ ಎಂಬ ಕಾರಣಕ್ಕೆ ಆಯೋಗ 2025ರ ಆಗಸ್ಟಿನಲ್ಲಿ 334 ಪಕ್ಷಗಳನ್ನು, ಸೆಪ್ಟೆಂಬರಿನಲ್ಲಿ ಇನ್ನೂ 474 ಪಕ್ಷಗಳನ್ನು ಪಟ್ಟಿಯಿಂದ ತೆಗೆಯಿತು. ಕಾಗದದ ಮೇಲಷ್ಟೇ ಇದ್ದ ಪಕ್ಷಗಳು ಹೋಗಿದ್ದು ಒಳ್ಳೆಯದೇ. ಆದರೆ ಸೋಲುವುದು ಖಚಿತವಾದರೂ ಯಾಕೆ ನಿಲ್ಲುತ್ತಾರೆ ಎಂದು ಕೇಳುವಾಗ ಈ ನಿಯಮವೂ ನೆನಪಿರಲಿ.

ತಮ್ಮ ಪತ್ರಿಕೆಯಿಂದ ನಾವು ಕೇಳುವುದು ಮೂರು. ಫಾರಂ 7ಎ ಪ್ರಕಟವಾದ ಮರುದಿನ ಎರಡೂ ಕ್ಷೇತ್ರಗಳ ಎಲ್ಲ ಅಭ್ಯರ್ಥಿಗಳ ಹೆಸರು, ಚಿಹ್ನೆ, ಅವರ ಮುಖ್ಯ ಬೇಡಿಕೆಯನ್ನು ಒಂದೇ ಅಳತೆಯ ಜಾಗದಲ್ಲಿ ಹಾಕಿ. ಫಲಿತಾಂಶದ ನಂತರ ಫಾರಂ 20 ಸಿಕ್ಕ ಕೂಡಲೇ ಮೂರನೇ ಸ್ಥಾನದಿಂದ ಕೆಳಗಿನವರು ಹೆಚ್ಚು ಮತ ಪಡೆದ ಐದೈದು ಮತಗಟ್ಟೆಗಳ ಹೆಸರು ಪ್ರಕಟಿಸಿ, ಕರಿಕೆಯವರಿಗೂ ಗರ್ವಾಲೆಯವರಿಗೂ ತಮ್ಮೂರಿನ ಲೆಕ್ಕ ಗೊತ್ತಾಗಲಿ. ಮೂವತ್ತು ದಿನದ ಗಡುವು ಮುಗಿದ ವಾರ ಜಿಲ್ಲಾಧಿಕಾರಿ ಕಚೇರಿಗೆ ಒಬ್ಬ ವರದಿಗಾರರನ್ನು ಕಳಿಸಿ. ಅಭ್ಯರ್ಥಿಗಳು ಸಲ್ಲಿಸಿದ ಖರ್ಚಿನ ಲೆಕ್ಕವನ್ನು ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಗೆದ್ದವರ ಪುಸ್ತಕವನ್ನೂ ಠೇವಣಿ ಕಳೆದುಕೊಂಡವರ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಓದಿ, ಒಂದು ಮತಕ್ಕೆ ಯಾರು ಎಷ್ಟು ಖರ್ಚು ಮಾಡಿದರು ಎಂದು ಬರೆಯಿರಿ.

ಇಂತಿ,
ಸಣ್ಣ ಪಕ್ಷಗಳ ಮತ್ತು ಪಕ್ಷೇತರರ ಕೆಲವು ಚುನಾವಣಾ ಏಜೆಂಟರು
ಕೊಡಗು ಜಿಲ್ಲೆ